ಹೆಲ್ಮೆಟ್‌ನೊಳಗಿನ ಗಾಳಿ: ಕಿವಿಗೆ ಜಾಸ್ತಿ, ಗ್ಲಾಸಿಗೆ ಸಾಲದು

ಬೈಕ್ ಓಡಿಸುವವರಿಗೆ ಹೆಲ್ಮೆಟ್ ಬಗ್ಗೆ ಎರಡು ದೂರು ಇದ್ದೇ ಇರುತ್ತವೆ. ಹೈವೇಗೆ ಹೋದರೆ ಗಾಳಿಯ ಸದ್ದು ತಡೆಯಲಾಗುವುದಿಲ್ಲ. ಮಳೆಗೆ ಸಿಕ್ಕರೆ ಗ್ಲಾಸ್ ಮಂಜಾಗಿ ರಸ್ತೆಯೇ ಕಾಣುವುದಿಲ್ಲ. ಮೊದಲನೆಯದಕ್ಕೆ ಎಲ್ಲರೂ ಹೇಳುವ ಮದ್ದು, ಇರುವ ಸಂದುಗಳನ್ನೆಲ್ಲ ಮುಚ್ಚಿ ಅಂತ. ಎರಡನೆಯದಕ್ಕೆ ಹೇಳುವ ಮದ್ದು, ಇರುವ ಕಿಂಡಿಗಳನ್ನೆಲ್ಲ ತೆರೆಯಿರಿ ಅಂತ. ಒಂದೇ ಹೆಲ್ಮೆಟ್‌ಗೆ ಎರಡನ್ನೂ ಮಾಡುವುದು ಹೇಗೆ?

ಇಲ್ಲಿಯೇ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಸದ್ದಿಗೆಂದು ಗದ್ದದ ಕೆಳಗೆ ಪರದೆ ಹಾಕಿಸುತ್ತಾರೆ, ಜೂನ್ ತಿಂಗಳಲ್ಲಿ ಗ್ಲಾಸ್ ಯಾಕೋ ಜಾಸ್ತಿ ಮಂಜಾಗುತ್ತಿದೆ ಎಂದು ಇನ್ನೊಂದು ಹೆಲ್ಮೆಟ್ ಕೊಳ್ಳುತ್ತಾರೆ. ನಿಜಕ್ಕೂ ಇದು ಎರಡು ತೊಂದರೆ ಅಲ್ಲ. ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂಬ ಒಂದೇ ಲೆಕ್ಕ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಸದ್ದನ್ನು ಕಿವಿಯ ಬಾಗಿಲಲ್ಲಿ ತಡೆಯಬೇಕು, ಹೆಲ್ಮೆಟ್‌ಗೆ ಉಸಿರಾಡಲು ಬಿಡಬೇಕು. ಯಾಕೆ ಅಂತ ನೋಡೋಣ.

ಸದ್ದು ಹುಟ್ಟುವ ಜಾಗ

ಗಂಟೆಗೆ 60–65 ಕಿ.ಮೀ. ದಾಟಿತು ಅಂದರೆ ಮಾಮೂಲಿ ಬೈಕ್‌ನಲ್ಲಿ ಸವಾರನ ಕಿವಿಗೆ ಇಂಜಿನ್ನಿಗಿಂತ ಗಾಳಿಯ ಸದ್ದೇ ಹೆಚ್ಚು ಕೇಳಿಸುತ್ತದೆ. ಸೈಲೆನ್ಸರ್ ಬದಲಾಯಿಸಿಕೊಂಡು ಊರನ್ನೆಲ್ಲ ಎಬ್ಬಿಸುವವರ ವಿಷಯ ಬೇರೆ.

ಎದುರು ಗಾಳಿ ಹೆಲ್ಮೆಟ್‌ಗೆ ಬಡಿದು ಎರಡೂ ಬದಿಗೆ ಜಾರುತ್ತದೆ. ಮುಂಭಾಗದಲ್ಲಿ ಮೈಗೆ ಅಂಟಿಕೊಂಡೇ ಸಾಗುತ್ತದೆ. ಆದರೆ ಹಿಂದಿನ ತಿರುವನ್ನು ಹಿಡಿದುಕೊಂಡು ಹೋಗಲು ಆಗದೆ ಒಂದು ಕಡೆ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡ ಗಾಳಿ ಸುಳಿ ಸುಳಿಯಾಗಿ ಒಡೆಯುತ್ತದೆ. ಈ ಸುಳಿಗಳು ಚಿಪ್ಪಿಗೆ ಬಡಿಯುವುದು, ಕುತ್ತಿಗೆಯ ಹತ್ತಿರ ಒಳನುಗ್ಗುವುದು, ಗ್ಲಾಸಿನ ಅಂಚಿನಲ್ಲಿ ಸೀಳುವುದು, ಇದೆಲ್ಲ ಸೇರಿ ನಮಗೆ ಕೇಳುವ ಗದ್ದಲವಾಗುತ್ತದೆ.

ಇಲ್ಲಿ ಒಂದು ಸೂತ್ರ ನೆನಪಿಟ್ಟುಕೊಂಡರೆ ಮುಂದೆ ರಿಪೇರಿಗೆ ಉಪಯೋಗ. ಗಾಳಿಗೆ ಅಡ್ಡ ಬರುವ ವಸ್ತು ದೊಡ್ಡದಾದಷ್ಟೂ ಸುಳಿಗಳು ನಿಧಾನವಾಗಿ ಹುಟ್ಟುತ್ತವೆ, ಚಿಕ್ಕದಾದಷ್ಟೂ ಬೇಗ ಬೇಗ ಹುಟ್ಟುತ್ತವೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಇಡೀ ಹೆಲ್ಮೆಟ್‌ನ ಗಾತ್ರಕ್ಕೆ ಸೆಕೆಂಡಿಗೆ ಹೆಚ್ಚುಕಡಿಮೆ 20 ಸುಳಿ. ಅದು ಸದ್ದಾಗಿ ಕೇಳುವುದಕ್ಕಿಂತ ತಲೆ ನಡುಗಿದ ಹಾಗೆ ಅನುಭವಕ್ಕೆ ಬರುತ್ತದೆ. ಅದೇ ವೇಗದಲ್ಲಿ ಐದು ಮಿಲಿಮೀಟರ್ ದಪ್ಪದ ಒಂದು ಅಂಚು ಗಾಳಿಗೆ ಅಡ್ಡ ನಿಂತರೆ ಸೆಕೆಂಡಿಗೆ ಸಾವಿರದ ಮೇಲೆ. ಅದು ಸಿಳ್ಳೆ. ಅಂದರೆ ಗುಡುಗಿನಂಥ ಸದ್ದು ಬಂದರೆ ದೊಡ್ಡ ಕಾರಣ ಹುಡುಕಬೇಕು, ಸಿಳ್ಳೆ ಬಂದರೆ ಸಣ್ಣ ಸಂದು ಹುಡುಕಬೇಕು.

ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯ ಮತ್ತು ಬಾತ್ ಸ್ಪಾ ವಿಶ್ವವಿದ್ಯಾಲಯದ ಸಂಶೋಧಕರು ಗೊಂಬೆಯ ತಲೆಗೆ ಹೆಲ್ಮೆಟ್ ತೊಡಿಸಿ, ಗಾಳಿಸುರಂಗದಲ್ಲಿಟ್ಟು, ಅಲ್ಲಲ್ಲಿ ಮೈಕ್ ಹಾಕಿ ಅಳೆದಿದ್ದರು. 2011ರಲ್ಲಿ ಅವರು ಹೇಳಿದ ಮುಖ್ಯ ಮಾತು ಇದು: ಕಿವಿಗೆ ತಲುಪುವ ಸದ್ದಿನಲ್ಲಿ ಗದ್ದದ ಪಟ್ಟಿಯ (ಗದ್ದದ ಮುಂದೆ ಬರುವ ಹೆಲ್ಮೆಟ್‌ನ ಗಟ್ಟಿ ಭಾಗ, ಬೆಲ್ಟ್ ಅಲ್ಲ) ಕೆಳಗಿನ ಜಾಗದ ಪಾಲು ದೊಡ್ಡದು. ನಾವು ಸಾಮಾನ್ಯವಾಗಿ ಬೈಯುವುದು ತಲೆ ಮೇಲಿನ ವೆಂಟ್‌ಗಳನ್ನು, ಅಂದರೆ ಗಾಳಿಯ ಕಿಂಡಿಗಳನ್ನು. ಅವು ಕಣ್ಣಿಗೆ ಕಾಣುತ್ತವೆ, ಅದಕ್ಕೆ. ನಿಜವಾದ ಕಳ್ಳ ಕೆಳಗೆ, ಕುತ್ತಿಗೆಯ ಹತ್ತಿರ ಇರುತ್ತಾನೆ.

ಹಾಗಾದರೆ ಹೆಲ್ಮೆಟ್ ಒಳಗಿನ ಸ್ಪಂಜು, ಥರ್ಮಾಕೋಲ್ ಏನು ಮಾಡುತ್ತವೆ? ಕೀರಲು ಸದ್ದನ್ನು ಚೆನ್ನಾಗಿ ತಡೆಯುತ್ತವೆ. ಗುಡುಗಿನಂಥ ಕೆಳದನಿಯನ್ನು ತಡೆಯಲು ಅವುಗಳ ಕೈಲಾಗುವುದಿಲ್ಲ. ಗಾಳಿ ಸದ್ದಿನ ಹೆಚ್ಚಿನ ಪಾಲು ಕೆಳದನಿಯೇ. ಅದಕ್ಕೇ ದುಬಾರಿ ಹೆಲ್ಮೆಟ್ ಹಾಕಿದರೂ ಸದ್ದು ನಾವು ಅಂದುಕೊಂಡಷ್ಟು ಇಳಿಯುವುದಿಲ್ಲ. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವ ಹಾಗಿಲ್ಲ ಎಂಬ ನಿಯಮ 2021ರ ಜೂನ್ 1ರಿಂದ ಇದೆ, ಒಳ್ಳೆಯದೇ. ಆದರೆ ಆ ಗುರುತು ಮುಖ್ಯವಾಗಿ ತಲೆಗೆ ಪೆಟ್ಟು ಬಿದ್ದಾಗಿನ ರಕ್ಷಣೆಯ ಮಾತು. ನೂರರ ವೇಗದಲ್ಲಿ ಒಳಗೆ ಎಷ್ಟು ಗದ್ದಲ ಎಂಬುದು ಅದರಿಂದ ತಿಳಿಯುವುದಿಲ್ಲ.

ಕಿವಿಗೆ ಎಷ್ಟು ಪೆಟ್ಟು

1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಓಡುವ ಬೈಕ್‌ಗಳಲ್ಲೇ ಸವಾರರ ಕಿವಿಯ ಹತ್ತಿರ ಸದ್ದು ಅಳೆದರು. ಗಂಟೆಗೆ 60 ಕಿ.ಮೀ. ಆಸುಪಾಸಿನಲ್ಲಿ ಸುಮಾರು 90 ಡೆಸಿಬೆಲ್. 160ರ ಆಸುಪಾಸಿನಲ್ಲಿ ಸುಮಾರು 110. ನಡುವೆ, ನೂರರ ಹತ್ತಿರ, 100 ಡೆಸಿಬೆಲ್ ಎಂದು ಇಟ್ಟುಕೊಳ್ಳಬಹುದು. ಹೆಲ್ಮೆಟ್ ಮೇಲೆ, ಬೈಕ್ ಮೇಲೆ, ಸವಾರನ ಎತ್ತರದ ಮೇಲೆ ಹಿಂದೆಮುಂದೆ ಆಗುತ್ತದೆ.

ಡೆಸಿಬೆಲ್ ಲೆಕ್ಕ ಸ್ವಲ್ಪ ಮೋಸದ್ದು. 90 ಮತ್ತು 100ರ ನಡುವೆ ಹತ್ತೇ ವ್ಯತ್ಯಾಸ ಎಂದು ಕಾಣುತ್ತದೆ. ಆದರೆ ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಮೂರು ಡೆಸಿಬೆಲ್ ಏರಿದರೂ ಸಾಕು, ಎರಡು ಪಟ್ಟು. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ನಿಯೋಶ್ ಎಂಬ ಸಂಸ್ಥೆಯ ಸಲಹೆ ಹೀಗಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಅಲ್ಲಿಂದ ಪ್ರತಿ ಮೂರು ಡೆಸಿಬೆಲ್‌ಗೆ ಆ ಸಮಯ ಅರ್ಧವಾಗುತ್ತಾ ಹೋಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು. 100ಕ್ಕೆ ಬಂದಾಗ ಉಳಿಯುವುದು ಹದಿನೈದು ನಿಮಿಷ.

ಬೆಂಗಳೂರಿನಿಂದ ಸಕಲೇಶಪುರಕ್ಕೆ ಹೊರಟರೆ ನೆಲಮಂಗಲ ದಾಟಿ ರಸ್ತೆ ಬಿಟ್ಟುಕೊಳ್ಳುತ್ತಿದ್ದ ಹಾಗೇ ಆಕ್ಸಿಲರೇಟರ್ ಮೇಲಿನ ಕೈ ತಿರುಗುತ್ತದೆ, ಅಲ್ವಾ? ಆ ಹದಿನೈದು ನಿಮಿಷ ಕುಣಿಗಲ್ ಬರುವ ಮೊದಲೇ ಮುಗಿದಿರುತ್ತದೆ. ಹಾಸನ ದಾಟಲು ಇನ್ನೂ ಎರಡು ಗಂಟೆಯಾದರೂ ಬೇಕು. ಸಂಜೆ ಬೈಕ್ ಇಳಿದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತದಲ್ಲ, ಅದು ದಣಿವಿನಿಂದ ಬಂದದ್ದಲ್ಲ. ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳಿಗೆ ಪೆಟ್ಟು ಬಿದ್ದಿದೆ ಎಂಬ ಸೂಚನೆ. ಬೆಳಿಗ್ಗೆ ಹೊತ್ತಿಗೆ ಗುಂಯ್ ಹೋಗಬಹುದು. ಆದರೆ ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ.

ಪುಕ್ಕಟೆ ಪರಿಹಾರ ಒಂದಿದೆ, ಯಾರಿಗೂ ಇಷ್ಟವಾಗುವುದಿಲ್ಲ. ಗಾಳಿಯ ಸದ್ದು ವೇಗದ ಜೊತೆ ಬಹಳ ಬೇಗ ಏರುತ್ತದೆ. ವೇಗ ಎರಡರಷ್ಟಾದರೆ ಸುಮಾರು 15 ಡೆಸಿಬೆಲ್ ಜಾಸ್ತಿ. ಇದೇ ಲೆಕ್ಕ ಹಿಂದಕ್ಕೆ ಹಾಕಿದರೆ, 100ರಿಂದ 80ಕ್ಕೆ ಇಳಿದರೆ ನಾಲ್ಕೈದು ಡೆಸಿಬೆಲ್ ಕಡಿಮೆ. ಸದ್ದಿನ ಶಕ್ತಿ ಹತ್ತಿರ ಹತ್ತಿರ ಮೂರನೇ ಒಂದು ಭಾಗಕ್ಕೆ ಬರುತ್ತದೆ. ಯಾವ ದುಬಾರಿ ಹೆಲ್ಮೆಟ್ ಕೊಂಡರೂ ಇಷ್ಟು ಲಾಭ ಖಾತ್ರಿ ಇಲ್ಲ.

ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು

ದುಡ್ಡು ಖರ್ಚು ಮಾಡುವ ಮೊದಲು ಒಂದು ರೋಲ್ ಮಾಸ್ಕಿಂಗ್ ಟೇಪ್ ತೆಗೆದುಕೊಳ್ಳಿ. ಗಾಳಿ ಕಡಿಮೆ ಇರುವ ಬೆಳಿಗ್ಗೆ, ಪರಿಚಯದ ಒಂದೇ ರಸ್ತೆ, ಒಂದೇ ವೇಗ. ಮೊದಲು ತಲೆ ಮೇಲಿನ ವೆಂಟ್‌ಗೆ ಟೇಪ್ ಹಚ್ಚಿ ಓಡಿಸಿ. ಅದನ್ನು ಕಿತ್ತು ಗದ್ದದ ವೆಂಟ್‌ಗೆ ಹಚ್ಚಿ. ಆಮೇಲೆ ಗ್ಲಾಸಿನ ಎರಡೂ ಬದಿಯ ತಿರುಗಣಿಗೆ. ಒಂದು ಸಲಕ್ಕೆ ಒಂದೇ ಜಾಗ. ಎಲ್ಲಕ್ಕೂ ಒಟ್ಟಿಗೆ ಹಚ್ಚಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಸಿಳ್ಳೆ ಇದ್ದರೆ ಈ ಆಟದಲ್ಲೇ ಬಹಳ ಸಲ ಸಿಕ್ಕಿಬೀಳುತ್ತದೆ. ಕೆಲವು ಸಲ ವೆಂಟ್ ಅರ್ಧ ತೆರೆದಾಗ ಸಿಳ್ಳೆ ಹೊಡೆಯುತ್ತದೆ, ಪೂರ್ತಿ ತೆರೆದರೆ ಸುಮ್ಮನಾಗುತ್ತದೆ.

ಗ್ಲಾಸ್ ಸರಿಯಾಗಿ ಕೂರುತ್ತಿದೆಯೇ ಎಂದು ಮನೆಯಲ್ಲೇ ನೋಡಬಹುದು. ಗ್ಲಾಸ್ ತೆರೆದು ರಬ್ಬರ್ ಅಂಚಿನ ಮೇಲೆ ಒಂದು ಕಾಗದದ ಚೂರಿಟ್ಟು ಮುಚ್ಚಿ. ಮೆಲ್ಲಗೆ ಎಳೆಯಿರಿ. ಕಾಗದ ಬಿಗಿಯಾಗಿ ಹಿಡಿದುಕೊಂಡರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದು ಇದೆ. ಹೀಗೆ ಇಡೀ ಅಂಚಿನ ಉದ್ದಕ್ಕೂ ನೋಡಿ. ಎಷ್ಟೋ ಹೆಲ್ಮೆಟ್‌ಗಳಲ್ಲಿ ಗ್ಲಾಸ್ ಹಿಡಿದಿರುವ ಪ್ಲೇಟಿನ ಸ್ಕ್ರೂ ಸಡಿಲಿಸಿ, ಪ್ಲೇಟನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ ಸರಿಸಿ ಮತ್ತೆ ಬಿಗಿ ಮಾಡಬಹುದು. ಗ್ಲಾಸ್ ರಬ್ಬರಿಗೆ ಒತ್ತಿ ಕೂರುತ್ತದೆ. ಮಳೆನೀರು ಒಳಗೆ ಇಳಿಯುವುದೂ ಇದರಿಂದಲೇ ನಿಲ್ಲುತ್ತದೆ. ಹೊಸ ಹೆಲ್ಮೆಟ್‌ನಲ್ಲಿ ಇದನ್ನು ನೋಡುವವರೇ ಕಡಿಮೆ.

ಗುಡುಗಿನಂಥ ಸದ್ದಿಗೆ ಟೇಪ್ ಉತ್ತರ ಕೊಡುವುದಿಲ್ಲ. ಅದಕ್ಕೆ ಎರಡು ಕಾರಣ ಹುಡುಕಬೇಕು. ಒಂದು, ಅಳತೆ. ಹೆಲ್ಮೆಟ್ ದೊಡ್ಡದಾದರೆ ಕೆನ್ನೆಯ ಹತ್ತಿರ, ಕಿವಿಯ ಕೆಳಗೆ ಜಾಗ ಉಳಿಯುತ್ತದೆ. ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು, ಎರಡೂ ಕೈಯಿಂದ ಹಿಡಿದು ತಿರುಗಿಸಿ. ಕೆನ್ನೆಯ ಚರ್ಮ ಹೆಲ್ಮೆಟ್ ಜೊತೆಗೇ ಎಳೆದುಕೊಂಡು ಬರಬೇಕು. ಹೆಲ್ಮೆಟ್ ಒಂದೇ ತಿರುಗಿದರೆ ಅದು ನಿಮ್ಮ ಅಳತೆಯಲ್ಲ. ಅಂಗಡಿಯಲ್ಲಿ ಹಾಯಾಗಿ ಕೂತ ಹೆಲ್ಮೆಟ್ ಆರು ತಿಂಗಳಿಗೆ ಸಡಿಲವಾಗುತ್ತದೆ, ಒಳಗಿನ ಸ್ಪಂಜು ಅಮುಕಿಕೊಂಡು ತೆಳುವಾಗುತ್ತದೆ. ಮೊದಲ ದಿನ ಕೆನ್ನೆ ಒತ್ತುವುದೇ ಸರಿಯಾದ ಲಕ್ಷಣ. ಹಣೆ ಮಾತ್ರ ನೋಯಬಾರದು. ಹಳೆಯದಾಗಿದ್ದರೆ ಕೆನ್ನೆಯ ಪ್ಯಾಡ್ ಮಾತ್ರ ಹೊಸದು ಹಾಕಿಸಿದರೂ ನಡೆಯುತ್ತದೆ. ಕೆಲವು ಕಂಪನಿಗಳು ಬೇರೆ ಬೇರೆ ದಪ್ಪದ ಪ್ಯಾಡ್ ಮಾರುತ್ತವೆ.

ಇನ್ನೊಂದು ಕಾರಣ ಹೆಲ್ಮೆಟ್‌ನಲ್ಲಿ ಇರುವುದೇ ಇಲ್ಲ, ಬೈಕ್‌ನಲ್ಲಿ ಇರುತ್ತದೆ. ಮುಂದಿನ ವಿಂಡ್‌ಸ್ಕ್ರೀನ್. ಗಾಳಿ ತಡೆಯುವ ಗಾಜು ಸದ್ದು ಇಳಿಸಬೇಕಲ್ಲವೇ? ಇಳಿಸಬೇಕೆಂದಿಲ್ಲ. ಸ್ಕ್ರೀನಿನ ಮೇಲಂಚಿನಲ್ಲಿ ಗಾಳಿ ಒಡೆದು ಸುಳಿಯಾಗುತ್ತದೆ. ಆ ಸುಳಿ ನೇರವಾಗಿ ಗದ್ದಕ್ಕೋ ಹಣೆಗೋ ಬಂದು ಬಡಿದರೆ, ಸ್ಕ್ರೀನ್ ಇಲ್ಲದ ಬೈಕ್‌ಗಿಂತ ಕೆಟ್ಟ ಗದ್ದಲ. ಮೇಲೆ ತಲೆ ನಡುಗುವುದು ಬೇರೆ. ಖಾಲಿ ರಸ್ತೆಯಲ್ಲಿ ಸ್ವಲ್ಪ ಬೆನ್ನು ನೇರ ಮಾಡಿ, ತಲೆ ಎತ್ತರಿಸಿ ನೋಡಿ. ಆಮೇಲೆ ತುಸು ಬಗ್ಗಿ. ಎರಡರಲ್ಲಿ ಯಾವುದರಲ್ಲಾದರೂ ಸದ್ದು ಥಟ್ಟನೆ ಇಳಿದರೆ ಹೆಲ್ಮೆಟ್ ತಪ್ಪಿಲ್ಲ, ಸ್ಕ್ರೀನ್ ಎತ್ತರ ತಪ್ಪು. ಎತ್ತರದವರು ಗಿಡ್ಡ ಸ್ಕ್ರೀನ್ ಹಾಕಿಸಿ ಶುದ್ಧ ಗಾಳಿಗೆ ತಲೆ ಕೊಡುವುದು ಒಳ್ಳೆಯದು. ಒರಟಾದ ಸುಳಿಗಾಳಿಗಿಂತ ಜೋರಾದ ನೇರ ಗಾಳಿ ಎಷ್ಟೋ ವಾಸಿ.

ಹೆಲ್ಮೆಟ್‌ನ ಬಗೆಯೂ ಲೆಕ್ಕಕ್ಕೆ ಬರುತ್ತದೆ. ಗದ್ದ ಮೇಲೆತ್ತುವ ಬಗೆಯದ್ದಕ್ಕೆ ಸಂದುಗಳು ಜಾಸ್ತಿ, ಸದ್ದೂ ಸಾಮಾನ್ಯವಾಗಿ ಜಾಸ್ತಿ. ಮುಂದೆ ಕೊಕ್ಕಿನ ಹಾಗೆ ಚಾಚಿರುವ ಹೆಲ್ಮೆಟ್ ಹೈವೇ ವೇಗಕ್ಕೆ ಗಾಳಿಯನ್ನು ಹಿಡಿದು ಎಳೆಯುತ್ತದೆ. ಬದಿಗೆ ಅಂಟಿಸಿದ ಬ್ಲೂಟೂತ್ ಡಬ್ಬಿ, ತಲೆ ಮೇಲಿನ ಕ್ಯಾಮೆರಾ ಎರಡೂ ಗಾಳಿಗೆ ಅಡ್ಡ ಬರುವ ಅಂಚುಗಳೇ. ಅರ್ಧ ಹೆಲ್ಮೆಟ್ ಬಗ್ಗೆ ಮಾತೇ ಬೇಡ.

ಗದ್ದದ ಪರದೆ, ಮತ್ತು ಅದರ ಬೆಲೆ

ಈಗ ಕೆಳಗಿನ ಜಾಗಕ್ಕೆ ಬರೋಣ. ಗದ್ದದ ಪಟ್ಟಿಯ ಕೆಳಗೆ ಸಿಕ್ಕಿಸುವ ಬಟ್ಟೆಯ ಪರದೆಗೆ ಚಿನ್ ಕರ್ಟನ್ ಅನ್ನುತ್ತಾರೆ. ಕುತ್ತಿಗೆಗೆ ಸುತ್ತುವ ಬಫ್, ಜಾಕೆಟ್ಟಿನ ಎತ್ತರದ ಕಾಲರ್ ಸಹ ಅದೇ ಕೆಲಸ ಮಾಡುತ್ತವೆ. ಸದ್ದಿನ ದೊಡ್ಡ ದಾರಿ ಮುಚ್ಚುವುದರಿಂದ ಇವು ನಿಜವಾಗಿಯೂ ಕೇಳುವಷ್ಟು ವ್ಯತ್ಯಾಸ ಮಾಡುತ್ತವೆ.

ಆದರೆ ನಿಮ್ಮ ಉಸಿರು ಹೊರಗೆ ಹೋಗುವ ದಾರಿಯೂ ಅದೇ. ಮೂಗಿನಿಂದ ಕೆಳಕ್ಕೆ ಬಂದ ಬಿಸಿ ಉಸಿರು ಗದ್ದದ ಕೆಳಗಿನಿಂದ ಜಾರಿಹೋಗಬೇಕು. ಅಲ್ಲಿ ಬಾಗಿಲು ಹಾಕಿದರೆ ಅದು ಮೇಲಕ್ಕೆ ತಿರುಗಿ ಗ್ಲಾಸಿಗೆ ಹೋಗುತ್ತದೆ. ಫೆಬ್ರವರಿಯಲ್ಲಿ ಚಿತ್ರದುರ್ಗದ ಕಡೆ ಹೋಗುವಾಗ ಏನೂ ಆಗುವುದಿಲ್ಲ, ಗಾಳಿ ಒಣಗಿರುತ್ತದೆ, ಗ್ಲಾಸ್ ಬೆಚ್ಚಗಿರುತ್ತದೆ. ಜುಲೈನಲ್ಲಿ ಆಗುಂಬೆ ಕಡೆ ಹೋಗುವಾಗ ಅದೇ ಪರದೆ ನಿಮ್ಮನ್ನು ಕುರುಡು ಮಾಡುತ್ತದೆ. ಆದ್ದರಿಂದ ಪರದೆ ಒಣ ಕಾಲದ ಸಾಮಾನು. ಮಳೆಗಾಲ ಶುರುವಾದ ಮೇಲೆ ಕಿತ್ತು ಮನೆಯಲ್ಲಿಡಿ.

ಹಾಗಾದರೆ ಮಳೆಗಾಲದಲ್ಲಿ ಸದ್ದಿಗೆ ಏನು ಮಾಡುವುದು? ಇಯರ್‌ಪ್ಲಗ್. ಬರೀ ಮಳೆಗಾಲಕ್ಕಲ್ಲ, ಎಲ್ಲ ಕಾಲಕ್ಕೂ. ಮೆಡಿಕಲ್ ಶಾಪ್‌ನಲ್ಲಿ, ಆನ್‌ಲೈನ್‌ನಲ್ಲಿ ಸಿಗುವ ಮೆತ್ತನೆ ಸ್ಪಂಜಿನವು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಮಾಡುವ ಇನ್ನೊಂದು ಸಾಮಾನು ಬೈಕ್ ಪ್ರಪಂಚದಲ್ಲಿಲ್ಲ. ಪ್ಯಾಕೆಟ್ ಮೇಲೆ 30 ಡೆಸಿಬೆಲ್ ಮೇಲ್ಪಟ್ಟು ಬರೆದಿರುತ್ತದೆ. ನಾವು ಹಾಕಿಕೊಳ್ಳುವ ರೀತಿಯಲ್ಲಿ ಅದರ ಅರ್ಧ ಸಿಕ್ಕರೂ 100 ಇದ್ದದ್ದು 85ರ ಹತ್ತಿರ ಬರುತ್ತದೆ. ಹದಿನೈದು ನಿಮಿಷದ ಲೆಕ್ಕ ಎಂಟು ಗಂಟೆಗೆ ಬಂತು.

ಹಾಕಿಕೊಳ್ಳುವ ರೀತಿಯಲ್ಲೇ ಎಲ್ಲ ಇದೆ. ಸುಮ್ನೆ ಕಿವಿಯ ಬಾಯಿಗೆ ತುರುಕಿದರೆ ಏನೂ ಪ್ರಯೋಜನವಿಲ್ಲ, ಹೆಲ್ಮೆಟ್ ಹಾಕುವಾಗ ಬಿದ್ದೂ ಹೋಗುತ್ತದೆ. ಮೂರು ಬೆರಳಲ್ಲಿ ಚೆನ್ನಾಗಿ ಹೊಸೆದು ತೆಳ್ಳಗಿನ ಬತ್ತಿ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ತುದಿಯನ್ನು ಮೇಲಕ್ಕೆ, ತುಸು ಹಿಂದಕ್ಕೆ ಎಳೆಯಿರಿ. ಒಳದಾರಿ ನೇರವಾಗುತ್ತದೆ. ಆಗ ಬತ್ತಿ ಒಳಗಿಟ್ಟು, ಅದು ಹಿಗ್ಗುವ ತನಕ, ಇಪ್ಪತ್ತು ಮೂವತ್ತು ಸೆಕೆಂಡು ಬೆರಳಿಂದ ಒತ್ತಿ ಹಿಡಿಯಿರಿ. ಮಾತಾಡಿದರೆ ನಿಮ್ಮ ದನಿ ನಿಮಗೇ ಕೊಡದೊಳಗಿಂದ ಬಂದ ಹಾಗೆ ಕೇಳಬೇಕು. ಕೊಳೆಯಾದವನ್ನು ಎಸೆಯಿರಿ. ಕಿವಿ ಸೋರುವ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಹಾಕಿಕೊಳ್ಳಬೇಕು.

ಕಿವಿ ಮುಚ್ಚಿದರೆ ಹಾರ್ನ್ ಕೇಳುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಹೈವೇ ವೇಗದಲ್ಲಿ ಹಾರ್ನ್ ಕೇಳದಂತೆ ಮಾಡುತ್ತಿರುವುದು ಗಾಳಿಯ ಗದ್ದಲವೇ. ಪ್ಲಗ್ ಹಾಕಿದಾಗ ಗಾಳಿಯೂ ಇಳಿಯುತ್ತದೆ, ಹಾರ್ನೂ ಇಳಿಯುತ್ತದೆ. ಎರಡರ ನಡುವಿನ ಅಂತರ ಬಹುಮಟ್ಟಿಗೆ ಉಳಿಯುತ್ತದೆ, ಕಿವಿ ಮಾತ್ರ ತುಂಬಿ ತುಳುಕುವುದಿಲ್ಲ. ಪಕ್ಕದ ಲಾರಿ, ಹಿಂದಿನ ಬಸ್ಸು ಕೇಳಿಸುತ್ತವೆ. ಸಿಟಿಯೊಳಗೆ ನಿಧಾನ ಹೋಗುವಾಗ ಲೆಕ್ಕ ಬೇರೆ. ಅಲ್ಲಿ ಗಾಳಿಯ ಸದ್ದೇ ಇಲ್ಲ, ಕಿವಿ ತೆರೆದಿರಲಿ. ಇನ್ನು ಗಾಳಿಯ ಸದ್ದನ್ನು ಮೀರಲೆಂದು ಹೆಲ್ಮೆಟ್ ಸ್ಪೀಕರಿನಲ್ಲಿ ಹಾಡಿನ ದನಿ ಏರಿಸುವುದು ಗಾಯದ ಮೇಲೆ ಬರೆ. 100ರ ಮೇಲೆ ಇನ್ನೂ ಸೇರಿಸಿದ ಹಾಗೆ. ಪ್ಲಗ್ ಹಾಕಿಕೊಂಡರೆ ಅದೇ ಸ್ಪೀಕರಿನ ಮಾತು ಕಡಿಮೆ ವಾಲ್ಯೂಮ್‌ನಲ್ಲೂ ತಿಳಿಯುತ್ತದೆ.

ಗ್ಲಾಸ್ ಯಾಕೆ ಮಂಜಾಗುತ್ತದೆ

ನಮ್ಮ ಉಸಿರು ಸುಮಾರು 34 ಡಿಗ್ರಿ ಬಿಸಿ ಇರುತ್ತದೆ, ಹೆಚ್ಚುಕಡಿಮೆ ಹಿಡಿಯುವಷ್ಟೂ ನೀರಾವಿ ಹಿಡಿದಿರುತ್ತದೆ. ಆ ಬಿಸಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 37 ಗ್ರಾಂನಷ್ಟು ನೀರು ಹಿಡಿದಿಟ್ಟುಕೊಳ್ಳಲು ಆಗುತ್ತದೆ. 20 ಡಿಗ್ರಿಯಲ್ಲಿ 17 ಗ್ರಾಂ ಮಾತ್ರ. 10 ಡಿಗ್ರಿಯಲ್ಲಿ ಒಂಬತ್ತು ಚಿಲ್ಲರೆ. ಮಳೆಯಲ್ಲಿ ನೆನೆದು 20 ಡಿಗ್ರಿಗೆ ತಣ್ಣಗಾದ ಗ್ಲಾಸಿಗೆ ಈ ಉಸಿರು ತಾಕಿದರೆ ಅರ್ಧಕ್ಕಿಂತ ಜಾಸ್ತಿ ನೀರು ಹಿಡಿಯಲು ಜಾಗವಿಲ್ಲದೆ ಹೊರಬೀಳಬೇಕು. ಫ್ರಿಜ್ಜಿನಿಂದ ತೆಗೆದ ಬಾಟಲಿ ಮೈಯೆಲ್ಲ ಬೆವರುತ್ತದಲ್ಲ, ಅದೇ ಕೆಲಸ ಇಲ್ಲಿ ಗ್ಲಾಸಿನ ಒಳಮೈಯಲ್ಲಿ ನಡೆಯುತ್ತದೆ. ಸುಮ್ಮನೆ ಕೂತು ಉಸಿರಾಡಿದರೂ ಗಂಟೆಗೆ 15–20 ಗ್ರಾಂ ನೀರು ಉಸಿರಲ್ಲೇ ಹೋಗುತ್ತದೆ. ಗ್ಲಾಸ್ ಮುಚ್ಚಲು ಅದರಲ್ಲಿ ಚೂರೇ ಚೂರು ಸಾಕು.

ನೀರು ಗ್ಲಾಸಿನ ಮೇಲೆ ಇರುವುದೇ ತೊಂದರೆಯಲ್ಲ. ಅದು ಹನಿಯಾಗಿ ಇರುವುದು ತೊಂದರೆ. ಹೆಲ್ಮೆಟ್ ಗ್ಲಾಸ್ ಗಾಜಿನದಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಅದರ ಮೇಲೆ ನೀರು ಹರಡಿಕೊಳ್ಳದೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಹನಿಗಳಾಗಿ ಕೂರುತ್ತದೆ. ಪ್ರತಿ ಹನಿಯೂ ಬೆಳಕನ್ನು ಬೇರೆ ಬೇರೆ ದಿಕ್ಕಿಗೆ ಚೆಲ್ಲುತ್ತದೆ. ಹಗಲಲ್ಲಿ ಬಿಳಿ ಪರದೆ ಕಟ್ಟಿದ ಹಾಗೆ. ರಾತ್ರಿ ಎದುರು ಲಾರಿ ಹೈ ಬೀಮ್ ಹಾಕಿಕೊಂಡು ಬಂದರೆ ಇಡೀ ಗ್ಲಾಸೇ ಒಂದು ದೀಪವಾಗಿಬಿಡುತ್ತದೆ. ಅದೇ ನೀರು ತೆಳು ಪದರವಾಗಿ ಸಮನಾಗಿ ಹರಡಿದರೆ ಬೆಳಕು ನೇರವಾಗಿ ದಾಟುತ್ತದೆ, ಏನೂ ಗೊತ್ತಾಗುವುದಿಲ್ಲ.

ಹಾಗಾಗಿ ಮಂಜಿಗೆ ಇರುವ ಮದ್ದುಗಳೆಲ್ಲ ನಾಲ್ಕರಲ್ಲಿ ಒಂದು: ಉಸಿರು ಗ್ಲಾಸಿನ ಕಡೆ ಹೋಗದಂತೆ ಮಾಡು, ಹೋದರೂ ಹೊರಗಿನ ಗಾಳಿ ಅದನ್ನು ಗುಡಿಸಿಕೊಂಡು ಹೋಗಲಿ, ಗ್ಲಾಸಿನ ಒಳಮೈ ತಣ್ಣಗಾಗದಿರಲಿ, ಇಲ್ಲವೇ ಬಿದ್ದ ನೀರು ಹನಿಯಾಗದಿರಲಿ.

ಮೊದಲನೆಯದಕ್ಕೆ ಮೂಗಿನ ಮೇಲೆ ಕೂರುವ ರಬ್ಬರ್ ತಡೆ ಇದೆ, ಎಷ್ಟೋ ಹೆಲ್ಮೆಟ್‌ಗಳ ಜೊತೆಗೇ ಬಂದಿರುತ್ತದೆ. ಕಿತ್ತು ಡ್ರಾಯರಿಗೆ ಹಾಕಿದ್ದರೆ ಹುಡುಕಿ ವಾಪಸ್ ಸಿಕ್ಕಿಸಿ. ಮುಖಕ್ಕೆ ಬಟ್ಟೆಯ ಮುಸುಕು ಹಾಕುವವರು ಮೂಗನ್ನು ಹೊರಗೆ ಬಿಡಬೇಕು. ಮೂಗಿನ ಮೇಲೆ ಬಟ್ಟೆ ಎಳೆದರೆ ಉಸಿರೆಲ್ಲ ಮೇಲಂಚಿನಿಂದ ಕಣ್ಣಿನ ಕಡೆಗೇ ನುಗ್ಗುತ್ತದೆ.

ಎರಡನೆಯದು ಗದ್ದದ ವೆಂಟ್‌ನ ಕೆಲಸ. ಅದು ನಮ್ಮ ಬಾಯಿಗೆ ತಂಪು ಕೊಡಲು ಇರುವುದಲ್ಲ, ಅಥವಾ ಅದಷ್ಟಕ್ಕೇ ಅಲ್ಲ. ಒಳಗಿನಿಂದ ನೋಡಿದರೆ ಗಾಳಿಯನ್ನು ಗ್ಲಾಸಿನ ಒಳಮೈಗೆ ಮೇಲ್ಮುಖವಾಗಿ ಬಿಡುವ ಸೀಳು ಕಾಣುತ್ತದೆ. ಮಳೆ ಬರುತ್ತಿದೆ ಎಂದು ಇದನ್ನು ಮುಚ್ಚುವುದು ಉಲ್ಟಾ ಕೆಲಸ. ಮಳೆಯಲ್ಲೇ ಇದು ಹೆಚ್ಚು ಬೇಕು. ನೂರರಲ್ಲಿ ಅದು ಸದ್ದು ಮಾಡಿದರೆ ಮಾಡಲಿ, ಕಿವಿಯಲ್ಲಿ ಪ್ಲಗ್ ಇದೆಯಲ್ಲ.

ಗಾಡಿ ನಿಂತರೆ ಈ ಗಾಳಿಯೂ ನಿಲ್ಲುತ್ತದೆ. ಸಿಗ್ನಲ್‌ನಲ್ಲಿ, ಟೋಲ್‌ನಲ್ಲಿ ಮಂಜಾಗುವುದು ಅದಕ್ಕೇ. ನಿಂತ ಮೇಲೆ ಗ್ಲಾಸ್ ಎತ್ತುವ ಬದಲು ನಿಲ್ಲುವ ಸ್ವಲ್ಪ ಮೊದಲೇ ಎತ್ತಿ. ನಿಧಾನ ಹೋಗುವಾಗ ಮೊದಲ ಕ್ಲಿಕ್‌ನಷ್ಟು ತೆರೆದಿಟ್ಟುಕೊಳ್ಳಿ.

ಪಿನ್‌ಲಾಕ್

ಆ ನಾಲ್ಕರಲ್ಲಿ ಕೊನೆಯ ಎರಡು ಕೆಲಸವನ್ನೂ, ಅಂದರೆ ಒಳಮೈ ತಣ್ಣಗಾಗದಂತೆ, ನೀರು ಹನಿಯಾಗದಂತೆ ನೋಡಿಕೊಳ್ಳುವುದನ್ನು, ಒಟ್ಟಿಗೆ ಮಾಡುವ ಸಾಮಾನು ಪಿನ್‌ಲಾಕ್. ಡಚ್ಚರದು. ಗ್ಲಾಸಿನ ಒಳಗಡೆ ಸಿಕ್ಕಿಸುವ ಇನ್ನೊಂದು ತೆಳು ಪ್ಲಾಸ್ಟಿಕ್ ಹಾಳೆ, ಸುತ್ತ ಸಿಲಿಕೋನ್ ಅಂಚು. ಅಂಚು ಗ್ಲಾಸಿಗೆ ಒತ್ತಿ ಕೂತಾಗ ಎರಡರ ನಡುವೆ ಗಾಳಿ ಬಂದಿಯಾಗುತ್ತದೆ. ನಿಂತ ಗಾಳಿ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ಹೊರಗಿನ ಗ್ಲಾಸ್ ಮಳೆಯಲ್ಲಿ ತಣ್ಣಗಾದರೂ ಒಳಗಿನ ಹಾಳೆ ಮುಖದ ಕಡೆಯ ಬಿಸಿಗೇ ಇರುತ್ತದೆ. ಜೊತೆಗೆ ಆ ಹಾಳೆ ನೀರನ್ನು ಹೀರಿಕೊಳ್ಳುವ ಜಾತಿಯದು, ಹನಿ ಕಟ್ಟಲು ಬಿಡುವುದಿಲ್ಲ. ಹಾಳೆಗಳಿಗೆ 30, 70, 120 ಎಂದು ಅಂಕಿ ಇರುತ್ತದೆ. ಅಂಕಿ ದೊಡ್ಡದಾದಷ್ಟೂ ಹೆಚ್ಚು ಹೊತ್ತು ತಡೆಯುತ್ತದೆ.

ಎಲ್ಲ ಗ್ಲಾಸಿಗೂ ಇದು ಕೂರುವುದಿಲ್ಲ. ಗ್ಲಾಸಿನ ಎರಡೂ ತುದಿಗೆ ಸಣ್ಣ ಪಿನ್ ಇರಬೇಕು. "ಪಿನ್‌ಲಾಕ್ ರೆಡಿ" ಎಂದರೆ ಪಿನ್ ಇದೆ ಎಂದಷ್ಟೇ ಅರ್ಥ, ಹಾಳೆ ಡಬ್ಬಿಯಲ್ಲಿ ಇದೆಯೋ ಇಲ್ಲವೋ ಬೇರೆ ಕೇಳಬೇಕು. ಆ ಮಾದರಿಗೇ ಮಾಡಿದ ಹಾಳೆಯೇ ಬೇಕು.

ಪಿನ್‌ಲಾಕ್ ಕೆಲಸ ಮಾಡುತ್ತಿಲ್ಲ ಎನ್ನುವವರಲ್ಲಿ ಬಹಳ ಜನರದ್ದು ಕೂರಿಸುವಾಗಿನ ಎಡವಟ್ಟು. ಸಿಲಿಕೋನ್ ಗೆರೆ ಸುತ್ತ ಒಂದೇ ಸಮ ಗ್ಲಾಸಿಗೆ ಅಂಟಿರಬೇಕು. ಒಂದು ಕಡೆ ಬಿಟ್ಟಿದ್ದರೂ ಉಸಿರು ನಡುವೆ ಹೊಕ್ಕು ಅಲ್ಲೇ ಮಂಜು ಕಟ್ಟುತ್ತದೆ, ಒರೆಸಲೂ ಆಗುವುದಿಲ್ಲ. ಪಿನ್‌ಗಳ ನಡು ಒಂದು ಬದಿಗೆ ವಾಲಿರುತ್ತದೆ. ಅವನ್ನು ತಿರುಗಿಸಿದರೆ ಹಾಳೆ ಬಿಗಿಯಾಗುತ್ತದೆ. ಹೊರಪೊರೆ ಕೀಳಲು ಮರೆಯುವವರೂ ಇದ್ದಾರೆ. ಒದ್ದೆಯಾದಾಗ ಹಾಳೆ ಮೆತ್ತಗಿರುತ್ತದೆ, ಬೆರಳಿಂದ ಉಜ್ಜಿದರೆ ಗೀರು ಬೀಳುತ್ತದೆ. ಪೂರ್ತಿ ಒಣಗಲು ಬಿಡಿ. ತೊಳೆಯಬೇಕಾದರೆ ಬರೀ ನೀರು, ಹೆಚ್ಚೆಂದರೆ ಮೆದು ಸೋಪು. ರಾತ್ರಿ ಹೊತ್ತು ಎದುರು ದೀಪಗಳು ಜೋಡಿಯಾಗಿ ಕಾಣುವುದು ಇದರ ಒಂದು ಕೊರತೆ. ಅಭ್ಯಾಸವಾಗುತ್ತದೆ.

ಪಿನ್ ಇಲ್ಲದ ಗ್ಲಾಸಿಗೆ ಅಂಟಿಸುವ ಆಂಟಿ ಫಾಗ್ ಹಾಳೆಗಳು ಸಿಗುತ್ತವೆ. ಗುಳ್ಳೆ ಬಾರದಂತೆ ಅಂಟಿಸುವುದು ತಾಳ್ಮೆಯ ಕೆಲಸ. ಅದೂ ಬೇಡವೆಂದರೆ ಸೋಪು. ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಶಾಂಪೂ ಒಂದೇ ಹನಿ, ಗ್ಲಾಸಿನ ಒಳಮೈಗೆ ಸವರಿ, ಮೆತ್ತನೆ ಬಟ್ಟೆಯಲ್ಲಿ ಪಾರದರ್ಶಕ ಆಗುವ ತನಕ ಒರೆಸಿ. ಸೋಪು ನೀರಿನ ಎಳೆತ ಸಡಿಲಿಸುತ್ತದೆ, ನೀರು ಹನಿಯಾಗದೆ ಹರಡಿಕೊಳ್ಳುತ್ತದೆ. ಒಂದು ಪ್ರಯಾಣಕ್ಕೆ ಸಾಕು, ಮರುದಿನ ಮತ್ತೆ ಹಚ್ಚಬೇಕು. ಕನ್ನಡಕದವರಿಗೆ ಇದೇ ಮುಖ್ಯ ದಾರಿ, ಯಾಕೆಂದರೆ ಪಿನ್‌ಲಾಕ್ ಗ್ಲಾಸನ್ನು ಕಾಯುತ್ತದೆಯೇ ಹೊರತು ಕನ್ನಡಕವನ್ನಲ್ಲ. ಟೂತ್‌ಪೇಸ್ಟ್ ಹಚ್ಚಿ ಎನ್ನುವವರ ಮಾತು ಕೇಳಬೇಡಿ. ಅದರಲ್ಲಿ ಉಜ್ಜುವ ಪುಡಿ ಇರುತ್ತದೆ. ಪೆಟ್ರೋಲ್, ಥಿನ್ನರ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಪಾಲಿಕಾರ್ಬೊನೇಟನ್ನು ಹಾಳು ಮಾಡುತ್ತವೆ. ಕಾರ್ಖಾನೆಯಲ್ಲೇ ಆಂಟಿ ಫಾಗ್ ಲೇಪ ಹಾಕಿದ ಗ್ಲಾಸಾದರೆ ಸೋಪೂ ಬೇಡ, ಉಜ್ಜುವುದೂ ಬೇಡ.

ಘಟ್ಟದಲ್ಲಿ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ. ಅಲ್ಲಿ ಜುಲೈ ತಿಂಗಳಲ್ಲಿ ಹೊರಗಿನ ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ಆದ್ದರಿಂದ ವೆಂಟ್ ತೆರೆದರೆ ಬಯಲುಸೀಮೆಯಲ್ಲಿ ಸಿಗುವಷ್ಟು ಲಾಭ ಸಿಗುವುದಿಲ್ಲ. ಆದರೂ ಉಸಿರಿಗಿಂತ ಹೊರಗಿನ ಗಾಳಿಯಲ್ಲಿ ನೀರು ಕಡಿಮೆಯೇ, ತೆರೆದೇ ಇಡಬೇಕು. ಅಲ್ಲಿ ಸೋಪಿನ ಪದರವೂ ಬೇಗ ತೊಳೆದುಹೋಗುತ್ತದೆ. ಪಿನ್‌ಲಾಕ್‌ಗೆ ಕೊಟ್ಟ ದುಡ್ಡು ಮಲೆನಾಡಿನ ರಸ್ತೆಯಲ್ಲೇ ವಸೂಲಾಗುವುದು.

ಘಟ್ಟದಲ್ಲಿ ಇನ್ನೊಂದು ಜಾತಿಯ ಮಂಜು ಇದೆ, ಗ್ಲಾಸಿನ ಹೊರಮೈಯದು. ಕೊಟ್ಟಿಗೆಹಾರದ ಚಳಿಯಲ್ಲಿ ಚಹಾ ಕುಡಿದು ಚಾರ್ಮಾಡಿ ಇಳಿಯುತ್ತೀರಿ. ಗ್ಲಾಸ್ ಇನ್ನೂ ತಣ್ಣಗಿದೆ. ಕೆಳಗಿಳಿದಂತೆ ಕರಾವಳಿಯ ಬೆಚ್ಚನೆಯ, ತೇವದ ಗಾಳಿ ಎದುರಾಗುತ್ತದೆ. ಈ ಸಲ ನೀರು ಕಟ್ಟುವುದು ಹೊರಗೆ. ಗ್ಲಾಸ್ ಸ್ವಲ್ಪ ತೆರೆದರೂ ಹೋಗಲಿಲ್ಲ, ಪಿನ್‌ಲಾಕ್ ಇದ್ದರೂ ಹೋಗಲಿಲ್ಲ ಎಂದು ಗಾಬರಿ ಬೇಡ. ಕೈಗವಸಿನ ಬೆನ್ನಿಂದ ಒಮ್ಮೆ ಒರೆಸಿ, ಗ್ಲಾಸ್ ಬೆಚ್ಚಗಾಗುವ ತನಕ ನಿಧಾನ ಹೋಗಿ. ಕೆಲವು ಮಳೆಗಾಲದ ಕೈಗವಸಿನ ಎಡ ಹೆಬ್ಬೆರಳಿಗೆ ರಬ್ಬರಿನ ವೈಪರ್ ಇರುತ್ತದೆ. ಹೊರಮೈಗೆ ನೀರು ಜಾರಿಸುವ ಸ್ಪ್ರೇ ಹಾಕಿದ್ದರೆ ಹನಿಗಳು ದಪ್ಪವಾಗಿ ಗಾಳಿಗೆ ಉರುಳಿಹೋಗುತ್ತವೆ. ಒಳಗೆ ನೀರು ಹರಡಬೇಕು, ಹೊರಗೆ ಉರುಳಬೇಕು. ಡಬ್ಬಿ ಅದಲುಬದಲು ಮಾಡಿದರೆ ಎರಡೂ ಕೆಡುತ್ತವೆ.

ಕಪ್ಪು ಗ್ಲಾಸ್ ಹಾಕಿಕೊಂಡು ಹೊರಡುವವರು ಕ್ಲಿಯರ್ ಗ್ಲಾಸ್ ಒಂದನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಂಡಿರಬೇಕು. ಮೋಡ ಇಳಿದ ಘಟ್ಟದಲ್ಲಿ ಮಧ್ಯಾಹ್ನ ಮೂರು ಗಂಟೆಗೇ ಅದು ಬೇಕಾಗುತ್ತದೆ. ಬದಲಾಯಿಸುವುದನ್ನು ಮನೆಯಲ್ಲಿ ಒಂದೆರಡು ಸಲ ಮಾಡಿ ನೋಡಿರಿ, ಮಳೆಯಲ್ಲಿ ನಿಂತು ಕಲಿಯುವ ಕೆಲಸ ಅದಲ್ಲ.